ಬೆಂಕಿ ಕಾಣದ ಕುಲುಮೆ

ಮೊದಲ ದಿನ ನನ್ನ ಕೊರಳಪಟ್ಟಿಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಹಳದಿ ಡಬ್ಬಿಯೊಂದನ್ನು ಸಿಕ್ಕಿಸಿದರು. "ಇದು ಕೂಗಿದರೆ ಯೋಚನೆ ಮಾಡ್ತಾ ನಿಲ್ಲಬೇಡ. ಕೈಯಲ್ಲಿರೋದನ್ನ ಅಲ್ಲೇ ಬಿಟ್ಟು ಹೊರಗೆ ನಡಿ," ಎಂದ ಮಾರ್ಕ್. ನಾನು ಸೇರಿದ ಕಾರ್ಖಾನೆಯ ಮ್ಯಾನೇಜರ್ ಅವನು. ಡಬ್ಬಿ ಏನನ್ನು ಹೇಳುತ್ತದೆ ಎಂದು ಕೇಳಿದೆ. "ಉಸಿರಾಡೋಕೆ ಗಾಳಿ ಇದೆಯೋ ಇಲ್ಲವೋ ಅಂತ ಹೇಳುತ್ತೆ," ಎಂದು ಹೇಳಿ ಕಾಫಿ ಲೋಟ ಹಿಡಿದು ಮುಂದೆ ನಡೆದ. ಮಳೆ ಬರಬಹುದು ಎಂದಷ್ಟೇ ಸಲೀಸಾಗಿ ಹೇಳಿದ್ದ.

ನಾನು ಅಲ್ಲೇ ನಿಂತು ಒಂದು ಸಲ ಉಸಿರೆಳೆದು ನೋಡಿಕೊಂಡೆ. ಗಾಳಿ ಇತ್ತು. ಆದರೆ ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ನನಗೆ ದಿಗಿಲಾದದ್ದು ಅದಕ್ಕೇ.

ಬೆಳಗಾವಿಯ ಉದ್ಯಮಬಾಗದಲ್ಲಿ ಉಕ್ಕಿಗೆ ಹದ ಕೊಡುವ ಕಾರ್ಖಾನೆಯೊಂದರಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದವಳು. ಪಂಪಿನ ಬಿಡಿಭಾಗ, ಗೇರು, ಟ್ರ್ಯಾಕ್ಟರಿನ ಪಿನ್ನು, ಇಂಥವನ್ನೆಲ್ಲ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದೆವು. ಅದ್ದಿದಾಗ ಏಳುವ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ, "ಮೊದಲ ತಲಿ ತೊಳಕೊಂಡು ಬಾರವಾ," ಅನ್ನುತ್ತಿದ್ದರು. ಕುಲುಮೆ ಬಿಸಿಯಾಗಿದೆಯೋ ಇಲ್ಲವೋ ಎಂದು ಅಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ. ಹತ್ತಿರ ಹೋದರೆ ಕೆನ್ನೆಯೇ ಹೇಳುತ್ತಿತ್ತು.

ಇಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ಹೇವರ್ಡ್ ಎಂಬ ಊರಿನಲ್ಲಿ, ಕುಲುಮೆ ಎಂದರೆ ನೀರಿನ ಟ್ಯಾಂಕನ್ನು ಅಡ್ಡ ಮಲಗಿಸಿದಂಥ ಒಂದು ಉಕ್ಕಿನ ಪೆಟ್ಟಿಗೆ. ಬಾಗಿಲು ಮುಚ್ಚಿ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆಯುತ್ತಾರೆ. ಆಮೇಲೆ ಒಳಗಿನ ಗ್ರಾಫೈಟ್ ಸರಳುಗಳಿಗೆ ಕರೆಂಟು ಹರಿಸಿ ಲೋಹ ಬೆಳ್ಳಗೆ ಹೊಳೆಯುವಷ್ಟು ಕಾಯಿಸುತ್ತಾರೆ. ಗಾಳಿಯೇ ಇಲ್ಲದ ಮೇಲೆ ಕಿಲುಬು ಹಿಡಿಯುವುದಿಲ್ಲ, ಬಣ್ಣ ಕೆಡುವುದಿಲ್ಲ. ಹೊರಗೆ ನಿಂತವರಿಗೆ ಬೆಂಕಿ ಕಾಣದು, ಹೊಗೆ ಇಲ್ಲ, ಗೋಡೆಯೊಳಗೆ ನೀರು ಹರಿಯುವುದರಿಂದ ಮುಟ್ಟಿದರೆ ಬಿಸಿಯೂ ಇಲ್ಲ. ಕೊನೆಗೆ ಆರ್ಗಾನ್ ಎಂಬ ಅನಿಲ ತುಂಬಿ ತಣ್ಣಗೆ ಮಾಡಿ ಬಾಗಿಲು ತೆರೆದರೆ, ತೊಳೆದಿಟ್ಟ ಬೆಳ್ಳಿ ಪಾತ್ರೆಗಳಂತೆ ಥಳಥಳಿಸುವ ವಸ್ತುಗಳು. ಮೂಳೆ ಮುರಿದವರ ಕಾಲಿಗೆ ಹಾಕುವ ಸ್ಕ್ರೂ, ಚಿಪ್ ಮಾಡುವ ಯಂತ್ರಗಳ ಕೊಳವೆ. ಮೊದಲ ಸಲ ಕಂಡಾಗ, ಇವು ಬೆಂಕಿಗೆ ಹೋಗಿಯೇ ಇಲ್ಲ, ಯಾರೋ ನನಗೆ ಮೋಸ ಮಾಡುತ್ತಿದ್ದಾರೆ ಅನಿಸಿತ್ತು.

ನಾನು ಇಲ್ಲಿಗೆ ಬಂದದ್ದು ಸ್ವಲ್ಪ ವಿಚಿತ್ರ ದಾರಿಯಲ್ಲಿ. ಬೆಳಗಾವಿ ಬಿಟ್ಟು ಪುಣೆಯಲ್ಲಿ ಕುಲುಮೆ ತಯಾರಿಸುವ ಕಂಪನಿಯೊಂದಕ್ಕೆ ಸೇರಿ, ಕೊಂಡವರ ಜಾಗಕ್ಕೇ ಹೋಗಿ ಯಂತ್ರ ನಿಲ್ಲಿಸಿಕೊಡುವ ಕೆಲಸ ಮಾಡುತ್ತಿದ್ದೆ. ಹೇವರ್ಡಿನ ಕಾರ್ಖಾನೆಯ ಒಡತಿ ಅಲ್ಲಿಗೆ ಬಂದಿದ್ದಾಗ ನನ್ನ ಕೆಲಸ ನೋಡಿದ್ದಳು. "ನಮ್ಮ ಸಿಲಿಕಾನ್ ಕಣಿವೆಯಲ್ಲಿ ಎಲ್ಲರೂ ಕಂಪ್ಯೂಟರ್ ಮುಂದೆ ಕೂರೋರು. ಕುಲುಮೆ ಮುಂದೆ ನಿಲ್ಲೋ ಎಂಜಿನಿಯರ್ ಸಿಗಲ್ಲ, ಬರ್ತೀಯಾ?" ಎಂದಳು. ವೀಸಾದ ಲಾಟರಿಯಲ್ಲಿ ನನ್ನ ಹೆಸರು ಎದ್ದಿತು. ಗಂಡ ಸಂಜೀವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ವೀಸಾದ ನೆರಳಿನಲ್ಲಿ ಬಂದವರಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿಲ್ಲ ಎಂದು ಗೊತ್ತಿದ್ದೂ ಅವರು ರಾಜೀನಾಮೆ ಕೊಟ್ಟು ಬಂದರು. ಮಗಳು ಇರಾಗೆ ಆಗ ಐದು ವರ್ಷ.

ಸ್ಯಾನ್ ಹೋಸೆ ಊರಿನ ಬಡಾವಣೆ ಎವರ್‌ಗ್ರೀನ್‌ನಲ್ಲಿ ಮನೆ ಸಿಕ್ಕಿತು. ಮನೆ ಎನ್ನುವುದಕ್ಕಿಂತ ಮನೆಯ ಹಿತ್ತಿಲು ಎನ್ನಬೇಕು. ಇಲ್ಲಿ ದೊಡ್ಡ ಮನೆಗಳ ಹಿಂದೆ ಒಂದು ಕೋಣೆ, ಒಂದು ಅಡುಗೆಕಟ್ಟೆ ಇರುವ ಪುಟ್ಟ ಮನೆ ಕಟ್ಟಿರುತ್ತಾರೆ. ಅದಕ್ಕೆ 'ಇನ್-ಲಾ ಯೂನಿಟ್' ಎಂದು ಹೆಸರು. ಅತ್ತೆ ಮಾವ ಬಂದರೆ ಇರಲಿ ಎಂದು ಕಟ್ಟಿದ್ದು. ಅತ್ತೆ ಮಾವ ಬರುವ ತನಕ ನಮ್ಮಂಥವರಿಗೆ ಬಾಡಿಗೆ. ಮುಂದಿನ ಮನೆಯ ಸುಮಾ ಬೆಂಗಳೂರಿನವರು, ಮಕ್ಕಳ ಡಾಕ್ಟರು. ನಮ್ಮ ಮೊದಲ ವಾರವೇ ಸಂಜೀವ ಜೋಳದ ರೊಟ್ಟಿ ಮಾಡಲು ಹೋದಾಗ ಛಾವಣಿಯಲ್ಲಿದ್ದ ಯಂತ್ರವೊಂದು ಕಿವಿ ಕಿತ್ತುಹೋಗುವಂತೆ ಕಿರುಚಿತು. ಸುಮಾ ಓಡಿ ಬಂದರು.

"ಅಯ್ಯೋ, ಏನಿಲ್ಲ, ಅದು ಸ್ಮೋಕ್ ಅಲಾರಮ್ಮು. ವಿಂಡೋ ಓಪನ್ ಮಾಡ್ಕೊಂಡು ಕುಕ್ ಮಾಡಿ. ಇಲ್ಲಾಂದ್ರೆ ಫೈರ್ ಟ್ರಕ್ಕೇ ಬಂದ್ಬಿಡುತ್ತೆ."

ಸಂಜೀವ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. "ನೀ ಸಾವಿರ ಡಿಗ್ರಿ ಕಾಯಸ್ತಿ, ಹೊಗಿ ಬರೂದಿಲ್ಲ. ನಾ ಒಂದು ರೊಟ್ಟಿ ಕಾಯಿಸಿದ್ರ ಊರಿಗೆಲ್ಲ ಡಂಗುರ," ಎಂದರು. ನಕ್ಕೆವು. ಗ್ರೋಸರಿಯಲ್ಲಿ ಸಿಗುವ ಜೋಳದ ಹಿಟ್ಟಿಗೆ ಜಿಗಿ ಇಲ್ಲ, ತಟ್ಟಿದರೆ ಬಿರಿಯುತ್ತದೆ. ಹಂಚಿನಿಂದ ಇಳಿಸುವಾಗ ಎರಡು ಹೋಳಾಗುತ್ತಿದ್ದ ರೊಟ್ಟಿಯನ್ನು ಅವರು ಜೋಡಿಸಿ ತಟ್ಟೆಗೆ ಹಾಕುತ್ತಿದ್ದರು. ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತು ನೂರಾರು ಮಕ್ಕಳನ್ನು ಆಳಿದ ಮನುಷ್ಯ. ಇಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಬಂದ ಮೇಲೆ ಇಡೀ ಹಗಲು ಅವರ ಜೊತೆ ಮಾತಾಡುವವರಿಲ್ಲ. ಬೇಸರವೇ ಎಂದು ಕೇಳಿದರೆ, "ಗುಡ್ಡ ನೋಡ್ಕೋತ ಕೂಡ್ತೀನಿ," ಅನ್ನುತ್ತಿದ್ದರು. ನಮ್ಮ ಬೆಳಗಾವಿ ಮಳೆಗಾಲದಲ್ಲಿ ಹಸಿರಾದರೆ ಎವರ್‌ಗ್ರೀನ್‌ನ ಗುಡ್ಡ ಅದೇ ತಿಂಗಳುಗಳಲ್ಲಿ ಒಣಗಿ ಹುಲ್ಲು ಗೋಧಿಬಣ್ಣಕ್ಕೆ ತಿರುಗುತ್ತದೆ. ಚಳಿಗಾಲ ಬಂದ ಮೇಲೆ ಹಸಿರು. ಹೆಸರಿಗೆ ಮಾತ್ರ ನಿತ್ಯಹಸಿರು.

ಶನಿವಾರದ ಗೆಟ್‌ಟುಗೆದರ್‌ಗಳಲ್ಲಿ ನನ್ನ ಕೆಲಸ ವಿವರಿಸುವುದೇ ಒಂದು ಕಷ್ಟ. "ಯಾವ ಕಂಪನಿ?" ಎಂದು ಕೇಳುತ್ತಾರೆ. ಫರ್ನೇಸ್ ಎಂಜಿನಿಯರ್ ಅನ್ನುತ್ತೇನೆ. ಅಮೆರಿಕದಲ್ಲಿ ಫರ್ನೇಸ್ ಎಂದರೆ ಚಳಿಗಾಲದಲ್ಲಿ ಮನೆಗೆ ಬಿಸಿಗಾಳಿ ಊದುವ ಯಂತ್ರ ಎಂದು ನನಗೆ ಆಮೇಲೆ ತಿಳಿಯಿತು. ಮೈಸೂರಿನ ಕಡೆಯವರೊಬ್ಬರು ಬಹಳ ಮರ್ಯಾದೆಯಿಂದ, "ನಮ್ಮ ಮನೆ ಫರ್ನೇಸು ಒಂಥರಾ ಸೌಂಡ್ ಮಾಡ್ತಿದೆ. ವೀಕೆಂಡು ಬಂದು ಸ್ವಲ್ಪ ನೋಡ್ತೀರಾ?" ಎಂದು ಕೇಳಿದ್ದರು. ಹೋಗಿ ನೋಡಿದೆ. ಒಂದು ಸಡಿಲ ತಗಡು. ತಿರುಪು ಬಿಗಿ ಮಾಡಿದೆ, ಬಿಸಿಬೇಳೆಬಾತ್ ಕೊಟ್ಟು ಕಳಿಸಿದರು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಬಹುಮಾನ ಅದು.

ಆದರೆ ಒಳಗೆ ಒಂದು ಭಯ ಸದಾ ಇರುತ್ತಿತ್ತು. ನನ್ನ ವೀಸಾ ಈ ಒಂದು ಕೆಲಸಕ್ಕೆ ಗಂಟು ಹಾಕಿದ್ದು. ಕೆಲಸ ಹೋದರೆ ಎರಡು ತಿಂಗಳೊಳಗೆ ಇನ್ನೊಂದು ಹುಡುಕಬೇಕು, ಇಲ್ಲವೇ ಮೂವರೂ ಹೊರಡಬೇಕು. ಬೆಳಗಾವಿಯಲ್ಲಿ ಮೇಲಿನವರ ಜೊತೆ ಜಗಳವಾಡಿ ಬಾಗಿಲು ದಡಾರನೆ ಹಾಕಿಕೊಂಡು ಬಂದವಳು ನಾನು. ಇಲ್ಲಿ ಮಾರ್ಕ್ ಮುಖ ಗಂಟಿಕ್ಕಿದರೆ ಊಟ ಸೇರುತ್ತಿರಲಿಲ್ಲ. ಶೈಲಜಾ ಎಂಬ ನನ್ನ ಹೆಸರನ್ನು ಅವನು ತುಂಡು ಮಾಡಿ 'ಶೈ' ಎಂದು ಕರೆಯುತ್ತಿದ್ದ. ಇಂಗ್ಲಿಷಿನಲ್ಲಿ ಹಾಗೆಂದರೆ ನಾಚಿಕೆಯವಳು, ಅಂಜುಬುರುಕಿ. ತಿದ್ದಲು ಹೋಗಲಿಲ್ಲ. ಕ್ರಮೇಣ ಹೆಸರಿಗೆ ತಕ್ಕ ಹಾಗೆಯೇ ಆಗುತ್ತಿದ್ದೇನೇನೋ ಅನಿಸುತ್ತಿತ್ತು.

ಕಾರ್ಖಾನೆಯಲ್ಲಿ ನನಗೆ ಆಪ್ತಳಾದವಳು ಲಿನ್. ವಿಯೆಟ್ನಾಮಿನವಳು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಹುಡುಗಿಯಾಗಿದ್ದಾಗ ದೋಣಿಯಲ್ಲಿ ದೇಶ ಬಿಟ್ಟು ಬಂದವಳು. ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದಳಂತೆ. ಆ ಕೆಲಸ ಬೇರೆ ದೇಶಕ್ಕೆ ಹೋದ ಮೇಲೆ ಇಲ್ಲಿ ಬುಟ್ಟಿಗೆ ಸಾಮಾನು ಜೋಡಿಸುವವಳಾಗಿ ಸೇರಿ, ಮುಂದೆ ಕುಲುಮೆ ನಡೆಸುವ ಆಪರೇಟರ್ ಆದಳು. ಈ ಕಸುಬಿಗೆ ಇಲ್ಲಿ ಯಾರೂ ನೇರವಾಗಿ ಬಂದವರಲ್ಲ. ರಿಪೇರಿ ನೋಡುವ ಹೊಸೆ ಎಂಬವನು ಮೊದಲು ಕಾರ್ ಮೆಕ್ಯಾನಿಕ್. ಮಾರ್ಕ್ ನೌಕಾಪಡೆಯಲ್ಲಿದ್ದವನು. ಕೆಲಸ ಕಲಿಸುವ ಶಾಲೆ ಹತ್ತಿರದಲ್ಲೆಲ್ಲೂ ಇಲ್ಲ. ಒಬ್ಬರ ಪಕ್ಕ ಒಬ್ಬರು ನಿಂತು ಕಲಿಯಬೇಕು.

ಅಷ್ಟು ಹಿರಿಯಳನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಅದನ್ನು ಹೇಳಿದಾಗ ಲಿನ್ ಖುಷಿಯಾಗಿ, "ನಮ್ಮಲ್ಲೂ ಹಾಗೇ. ನೀನು ನನ್ನ 'ಚಿ' ಅನ್ನು. ಅಂದರೆ ಅಕ್ಕ. ನಾನು ನಿನ್ನ 'ಎಮ್' ಅಂತೀನಿ, ತಂಗಿ," ಎಂದಳು. ಮನೆಯಲ್ಲಿ, "ಚಿ ಲಿನ್ ಇವತ್ತು ಅಕ್ಕಿಹಿಟ್ಟಿನ ಹಾಳೆಯೊಳಗೆ ಸೊಪ್ಪು ಸುತ್ತಿಕೊಂಡು ಬಂದಿದ್ದಳು," ಎಂದೆ.

"ಪಾಪ, ಆಕಿಗ್ಯಾಕ ಛೀ ಅಂತಿ?" ಎಂದರು ಸಂಜೀವ.

ಇರಾ ಬಿದ್ದು ಬಿದ್ದು ನಕ್ಕಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ ಎಂದು ನನಗೆ ನೆಮ್ಮದಿಯಾಗುವುದು ಅವಳು ನಕ್ಕಾಗ ಮಾತ್ರ. ಉತ್ತರವೆಲ್ಲ ಇಂಗ್ಲಿಷಿನಲ್ಲೇ.

ಈಗ ಹೇಳಬೇಕಾದ್ದು ಮೂರನೆಯ ವರ್ಷದ ಸೆಪ್ಟೆಂಬರಿನಲ್ಲಿ ನಡೆದದ್ದು.

ನಮ್ಮ ದೊಡ್ಡ ಕುಲುಮೆ ಸೋರತೊಡಗಿತು. ಗಾಳಿ ಹೀರಿ ತೆಗೆದ ಮೇಲೆ ಪಂಪು ನಿಲ್ಲಿಸಿ ಒಳಗಿನ ಒತ್ತಡದ ಮುಳ್ಳು ನೋಡುತ್ತೇವೆ. ಮುಳ್ಳು ಅಲುಗದಿದ್ದರೆ ಪೆಟ್ಟಿಗೆ ಭದ್ರ. ಏರಿದರೆ ಎಲ್ಲೋ ಒಂದು ಕಡೆಯಿಂದ ಏನೋ ಒಳಗೆ ಬರುತ್ತಿದೆ ಎಂದರ್ಥ. ಮುಳ್ಳು ಏರುತ್ತಿತ್ತು. ಹುಡುಕುವ ಕೆಲಸ ನನ್ನದು. ಬಾಗಿಲ ರಬ್ಬರು, ಕೊಳವೆಯ ಕೂಡು, ಗಾಜಿನ ಕಿಟಕಿ, ಎಲ್ಲದರ ಸುತ್ತ ಹೀಲಿಯಂ ಊದಿ, ಅದು ಒಳಗೆ ಹೋಗುತ್ತದೆಯೇ ಎಂದು ಯಂತ್ರವಿಟ್ಟು ಕಾದೆ. ಎಲ್ಲೂ ಸಿಗಲಿಲ್ಲ. ಮಾರ್ಕ್ ಹಗಲೆಲ್ಲ ನನ್ನ ಹಿಂದೆ ಬಂದು ನಿಲ್ಲುತ್ತಿದ್ದ. "ಶೈ, ಗಿರಾಕಿ ಕಾಯ್ತಿದ್ದಾರೆ. ಇದಕ್ಕೇ ಅಲ್ವಾ ನಿನ್ನ ಅಷ್ಟು ದೂರದಿಂದ ಕರೆಸಿದ್ದು?" ಎಂದ ಒಂದು ದಿನ. ಆ ಮಾತು 680 ಫ್ರೀವೇಯ ಉದ್ದಕ್ಕೂ ನನ್ನ ಜೊತೆ ಮನೆಗೆ ಬಂತು. ಅದೇ ತಿಂಗಳು ನನ್ನ ವೀಸಾ ಮುಂದುವರಿಸಲು ಕಂಪನಿ ಸಹಿ ಹಾಕಬೇಕಿತ್ತು.

ಆ ಬೆಳಿಗ್ಗೆ ಮಾರ್ಕ್, ಹೇಗೂ ನಿಂತಿದೆ, ಒಳಗಿನ ಗೋಡೆಯ ಹೊದಿಕೆ ಹರಿದಿರುವುದನ್ನು ಸರಿಮಾಡಿಬಿಡೋಣ ಎಂದು ಕುಲುಮೆ ತೆರೆಸಿದ. ಗ್ರಾಫೈಟ್ ನಾರಿನ ಕಂಬಳಿಯಂಥ ಹೊದಿಕೆ ಅದು. ತೆವಳಿಕೊಂಡು ಒಳಗೆ ಹೋಗಿ ತೇಪೆ ಹಾಕಬೇಕು. ಸಣ್ಣ ಮೈಯ ಲಿನ್ ಯಾವಾಗಲೂ ಅದನ್ನು ಮಾಡುವವಳು. ನಾನು ಕಾರ್ಖಾನೆ ತಲುಪುವ ಹೊತ್ತಿಗೆ ಅವಳು ಒಳಗಿದ್ದಳು. ಬಾಗಿಲ ಬಳಿ ದೊಡ್ಡ ಫ್ಯಾನು ಹೊಸ ಗಾಳಿ ಊದುತ್ತಿತ್ತು. ಗಾಳಿ ಪರೀಕ್ಷಿಸಿಯೇ ಬಿಟ್ಟಿದ್ದೇವೆ, ಎಲ್ಲ ಸರಿಯಿದೆ ಎಂದ ಹೊಸೆ. "ಎಮ್, ಊಟಕ್ಕೆ ಹೋಗು, ನಾನು ಇದು ಮುಗಿಸಿ ಬರ್ತೀನಿ," ಎಂದು ಮಧ್ಯಾಹ್ನ ಲಿನ್ ಒಳಗಿನಿಂದ ಕೂಗಿದಳು.

ಊಟದ ಕೋಣೆಯಲ್ಲಿ ಬುತ್ತಿ ಬಿಚ್ಚಿದೆ. ತಿನ್ನಲು ಮನಸ್ಸಿರಲಿಲ್ಲ. ಸೋರುತ್ತಿರುವ ಕುಲುಮೆಯಲ್ಲೇ ಹಿಂದಿನ ದಿನ ಪರೀಕ್ಷೆಗೆಂದು ಕಾಯಿಸಿದ ಟೈಟಾನಿಯಂ ತುಂಡೊಂದು ಜೇಬಿನಲ್ಲಿತ್ತು. ತೆಗೆದು ನೋಡಿದೆ. ಟೈಟಾನಿಯಂ ಬಹಳ ಸೂಕ್ಷ್ಮ. ಒಳಗೆ ಒಂದಿಷ್ಟು ಗಾಳಿ ನುಗ್ಗಿದರೂ ಹಳದಿಗೋ ನೀಲಿಗೋ ತಿರುಗುತ್ತದೆ. ಇದು ಕನ್ನಡಿಯಂತಿತ್ತು. ಒಂದು ಕಲೆಯೂ ಇಲ್ಲ.

ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮುಳ್ಳು ಏರುತ್ತಿದೆ, ಅಂದರೆ ಏನೋ ಒಳಗೆ ಬರುತ್ತಿದೆ. ಬಣ್ಣ ಕೆಟ್ಟಿಲ್ಲ, ಅಂದರೆ ಬರುತ್ತಿರುವುದು ಗಾಳಿಯಲ್ಲ, ಗೋಡೆಯ ನೀರೂ ಅಲ್ಲ; ಅದೂ ಬಣ್ಣ ಕೆಡಿಸುತ್ತದೆ. ಇನ್ನು ಆ ಪೆಟ್ಟಿಗೆಗೆ ಜೋಡಿಸಿರುವುದು ಒಂದೇ ಒಂದು, ಆರ್ಗಾನ್. ಹೊರಗಿನ ಕೂಡುಗಳು ಭದ್ರವಾಗಿಯೇ ಇವೆ. ಆರ್ಗಾನ್ ಬಿಡುವ ವಾಲ್ವೇ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ.

ಸಿಕ್ಕಿತು ಎಂಬ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಬುತ್ತಿ ಅಲ್ಲೇ ಬಿಟ್ಟು ಎದ್ದೆ. ಆರ್ಗಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ವಿಷವೂ ಅಲ್ಲ. ಗಾಳಿಗಿಂತ ಭಾರ, ಅಷ್ಟೇ. ತೊಟ್ಟಿಯಲ್ಲಿ ನೀರು ನಿಂತ ಹಾಗೆ ಕುಲುಮೆಯ ತಳದಲ್ಲಿ ನಿಲ್ಲುತ್ತದೆ, ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಲಿನ್ ಆ ತಳದಲ್ಲಿ ಮಲಗಿ ಕೆಲಸ ಮಾಡುತ್ತಿದ್ದಳು.

ಓಡಿದೆ. ಹೊರಗೆ ಅಂದು ವಿಪರೀತ ಬಿಸಿಲು. ಪ್ಯಾಕಿಂಗ್ ಮೇಜಿನ ಹತ್ತಿರ ಸೆಕೆ ಎಂದು ಯಾರೋ ಫ್ಯಾನನ್ನು ಅತ್ತ ತಿರುಗಿಸಿಕೊಂಡಿದ್ದರು. ಕುಲುಮೆಯ ಬಾಯಲ್ಲಿ ಲಿನ್‌ಳ ಎರಡು ಪಾದ ಕಾಣುತ್ತಿದ್ದವು. ಅವಳ ಹಳದಿ ಡಬ್ಬಿ ಪಕ್ಕದ ಕುರ್ಚಿಯ ಮೇಲಿನ ಕೋಟಿನಲ್ಲಿ ಸಿಕ್ಕಿಕೊಂಡಿತ್ತು. ಬೋರಲು ಮಲಗಿದರೆ ಎದೆಗೆ ಒತ್ತುತ್ತದೆ ಎಂದು ಬಿಚ್ಚಿಟ್ಟಿದ್ದಳು.

"ಚಿ ಲಿನ್! ಚಿ!"

ಪಾದ ಅಲುಗಲಿಲ್ಲ.

ಓದುಗರೇ, ಬಾವಿಗೆ ಬಿದ್ದವರನ್ನು ಕಂಡರೆ ಹಿಂದೆಮುಂದೆ ನೋಡದೆ ಹಾರಬೇಕು ಎಂದು ಕೇಳಿ ಬೆಳೆದವರು ನಾವು. ಇಲ್ಲಿ ಹಾರಿದವರೂ ಸಾಯುತ್ತಾರೆ. ಈ ಕಸುಬಿನಲ್ಲಿ ಹೀಗೆ ಸತ್ತವರ ಪಕ್ಕದಲ್ಲಿ ಅವರನ್ನು ಎಳೆಯಲು ಹೋದವರೂ ಸತ್ತು ಬಿದ್ದಿರುತ್ತಾರೆ ಎಂದು ಪುಣೆಯಲ್ಲಿ ನಾನೇ ಹುಡುಗರಿಗೆ ಪಾಠ ಹೇಳಿದ್ದೆ. ಪಾಠ ಹೇಳುವುದು ಸುಲಭ. ಇಡೀ ಮೈ ಒಳಗೆ ನುಗ್ಗು ಅನ್ನುತ್ತಿರುವಾಗ ಹೊರಗೆ ನಿಲ್ಲುವುದಿದೆಯಲ್ಲ, ಅಂಥ ಕಷ್ಟವನ್ನು ನಾನು ಮತ್ತೆ ಕಂಡಿಲ್ಲ. ಹೊಸೆಯನ್ನು ಕೂಗಿ ಫ್ಯಾನು ಇತ್ತ ತಿರುಗಿಸಲು ಹೇಳಿದೆ. ಕುಲುಮೆಯ ಹಿಂದೆ ಆರ್ಗಾನ್ ಕೊಳವೆಗೆ ಕೈಯಿಂದ ತಿರುಗಿಸುವ ಇನ್ನೊಂದು ವಾಲ್ವಿದೆ. ಯಾರಾದರೂ ಒಳಗೆ ಹೋಗುವ ಮುಂಚೆ ಅದನ್ನು ಮುಚ್ಚಿ ಬೀಗ ಹಾಕಬೇಕು ಎಂಬುದು ನಿಯಮ. ಅದು ತೆರೆದೇ ಇತ್ತು. ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಅಂಗೈ ಚರ್ಮ ಸುಲಿಯುವವರೆಗೂ ತಿರುಗಿಸಿ ಮುಚ್ಚಿದೆ. ಮುಂದೆ ಓಡಿ ಬಂದು, ಮುಖ ಹೊರಗೇ ಇಟ್ಟುಕೊಂಡು ತೋಳು ಚಾಚಿ ಲಿನ್‌ಳ ಹಿಮ್ಮಡಿ ಹಿಡಿದೆ. ನನ್ನ ಕೊರಳಿನ ಡಬ್ಬಿ ಕಿರುಚತೊಡಗಿತು. ಹೊಸೆ ಇನ್ನೊಂದು ಕಾಲು ಹಿಡಿದ. ಇಬ್ಬರೂ ಎಳೆದೆವು. ಗ್ರಾಫೈಟಿನ ಕರಿ ಮೆತ್ತಿದ ಅವಳ ಪುಟ್ಟ ದೇಹ ಜಾರಿ ಹೊರಗೆ ಬಂತು. ತುಟಿ ನೀಲಿಯಾಗಿತ್ತು.

ಹೊಸೆ ಅವಳ ಬಾಯಿಗೆ ಉಸಿರು ಊದಿದ. ಅವಳು ಒಮ್ಮೆ ಕೆಮ್ಮಿದಳು. ಆಮೇಲೆ ಎಳೆಗೂಸಿನಂತೆ ದೀರ್ಘವಾಗಿ ಉಸಿರೆಳೆದುಕೊಂಡಳು. ಆಂಬುಲೆನ್ಸ್ ಬಂದದ್ದು, ಹೋದದ್ದು ನನಗೆ ಸರಿಯಾಗಿ ನೆನಪಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಲಿನ್ ದಿಂಬಿಗೆ ಒರಗಿ ಕುಳಿತಿದ್ದಳು. "ಉಸಿರು ಕಟ್ಟಿದ ಹಾಗೆ ಆಗಲೇ ಇಲ್ಲ ಎಮ್," ಎಂದಳು. "ನಿದ್ದೆ ಬಂದ ಹಾಗೆ ಆಯ್ತು. ಒಳ್ಳೇ ನಿದ್ದೆ. ಆಗ ಹೆದರಿಕೆ ಆಗಲಿಲ್ಲ. ಅದು ನೆನಸಿಕೊಂಡರೇ ಈಗ ಹೆದರಿಕೆ." ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದಳು. "ಸರ್ಕಾರದವರು ಕೇಳೋಕೆ ಬರ್ತಾರೆ. ಜಾಸ್ತಿ ಹೇಳಬೇಡ. ಕಾರ್ಖಾನೆ ಮುಚ್ಚಿದರೆ ಈ ವಯಸ್ಸಿನಲ್ಲಿ ನನಗೆ ಯಾರು ಕೆಲಸ ಕೊಡ್ತಾರೆ?"

ಮಾರ್ಕ್ ನನ್ನನ್ನು ಕೋಣೆಗೆ ಕರೆದ. ಅವನೂ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಾಗಿತ್ತು. ಕಂಪ್ಯೂಟರಿನಲ್ಲಿ ಆರ್ಗಾನ್ ವಾಲ್ವು ಮುಚ್ಚಿದೆ ಎಂದು ಕಾಣುತ್ತಿದೆ, ಹಿಂದಿನ ಕೈವಾಲ್ವು ತುಕ್ಕು ಹಿಡಿದು ತಿರುಗುವುದಿಲ್ಲ, ಹಾಗೇ ಬಿಡು ಪರವಾಗಿಲ್ಲ ಎಂದು ಹೊಸೆಗೆ ಹೇಳಿದವನು ಅವನೇ. "ಶೈ, ನೀನು ಹಿಂದೆ ಹೋದಾಗ ಕೈವಾಲ್ವು ಮುಚ್ಚೇ ಇತ್ತು ಅಲ್ವಾ? ಗಾಬರಿಯಲ್ಲಿದ್ದೆ. ಸರಿಯಾಗಿ ನೆನಪು ಮಾಡಿಕೋ," ಎಂದ. ಬೆದರಿಕೆಯ ಮಾತಲ್ಲ. ಬೇಡಿಕೊಳ್ಳುತ್ತಿದ್ದ. ನನ್ನ ವೀಸಾದ ಕಾಗದ ಅವನ ಮೇಜಿನ ಮೇಲೆಯೇ ಇತ್ತು. ಇಬ್ಬರೂ ಅದನ್ನು ನೋಡಿದೆವು.

ಸಂಜೆ ಮನೆಯಲ್ಲಿ ಸಂಜೀವ ನನ್ನ ಅಂಗೈಗೆ ಮುಲಾಮು ಹಚ್ಚುತ್ತ ಎಲ್ಲ ಕೇಳಿದರು.

"ಖರೇ ಹೇಳಿದ್ರ ಏನಾಕ್ಕತಿ?"

"ಕೆಲಸ ಹೋಗಬಹುದು. ಗಂಟು ಕಟ್ಟಿಕೊಂಡು ಹೊರಡಬೇಕಾಗಬಹುದು."

"ಹೇಳದಿದ್ರ?"

ನಾನು ಮುಲಾಮು ಹಚ್ಚಿದ ಅಂಗೈ ನೋಡಿಕೊಂಡೆ.

"ಆಕಿ ಮುಂದಿನ ತಿಂಗಳು ಮತ್ತ ಅದರಾಗ ಹೊಗತಾಳಲ್ಲ," ಎಂದರು ಅವರು. ಅಷ್ಟೇ ಹೇಳಿ ಹಿಟ್ಟು ನಾದಲು ಹೋದರು. ಮೇಷ್ಟ್ರುಗಳ ಬುದ್ಧಿ. ಲೆಕ್ಕವನ್ನು ಅರ್ಧ ಬಿಡಿಸಿ, ಉಳಿದರ್ಧ ನಮಗೆ ಬಿಡುತ್ತಾರೆ.

ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆಯಿಂದ ಬಂದವಳು ಮೃದು ಮಾತಿನ ಹೆಂಗಸು. ಅವಳ ಮುಂದೆ ಕುಳಿತಾಗ ನನ್ನ ಇಂಗ್ಲಿಷ್ ತೊದಲಿತು. ವಾಲ್ವು ಯಾವ ಸ್ಥಿತಿಯಲ್ಲಿತ್ತು ಎಂದು ಕೇಳಿದಳು. ಸುಲಿದ ಅಂಗೈ ಬಿಡಿಸಿ ಮೇಜಿನ ಮೇಲಿಟ್ಟೆ. "ತೆರೆದಿತ್ತು. ನಾನೇ ಮುಚ್ಚಿದೆ," ಎಂದೆ. ಒಮ್ಮೆ ಶುರುವಾದ ಮೇಲೆ ಎಲ್ಲವನ್ನೂ ಹೇಳಿದೆ. ಫ್ಯಾನು, ತುಕ್ಕು, ಬೀಗ.

ಆಮೇಲಿನ ವಾರಗಳು ಹೇಗೆ ಕಳೆದವು ಎಂದು ಬರೆಯಲೂ ಹಿಂಜರಿಕೆ. ಕುಲುಮೆಗಳನ್ನೆಲ್ಲ ನಿಲ್ಲಿಸಿದರು. ಎಲ್ಲರಿಗೂ ಅರ್ಧ ಕೆಲಸ. ಊಟದ ಕೋಣೆಗೆ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಕೆಲಸಕ್ಕೆ ವಾಪಸು ಬಂದ ಲಿನ್ ನನ್ನನ್ನು ಎಮ್ ಎಂದು ಕರೆಯಲಿಲ್ಲ. 'ಶೈ' ಎಂದಳು. ಅವಳ ಬಾಯಲ್ಲಿ ಆ ಹೆಸರು ಕೇಳಿ ಆದಷ್ಟು ನೋವು ನನಗೆ ಮಾರ್ಕ್‌ನ ಯಾವ ಮಾತಿನಿಂದಲೂ ಆಗಿರಲಿಲ್ಲ. ಮನೆಯಲ್ಲಿ ಹೊಸ ಸಾಮಾನು ತರುವುದನ್ನು ಬಿಟ್ಟೆವು. ಇರಾಗೆ ಶಾಲೆಗೆ ಹೊಸ ಶೂ ಬೇಕಿತ್ತು. ತಗೊಳ್ಳೋಣವೋ, ಬೆಳಗಾವಿಯಲ್ಲೇ ತಗೊಂಡರಾಯಿತೋ ಎಂದು ಯೋಚಿಸುವಂತಾಗಿತ್ತು. ರಾತ್ರಿ ಎದ್ದು ಕುಳಿತು ಮಗಳ ಮೂಗಿನ ಬಳಿ ಕೈಯಿಟ್ಟು ಉಸಿರು ನೋಡುತ್ತಿದ್ದೆ. ಅವಳಿಗೇನೂ ಆಗಿರಲಿಲ್ಲ. ಆದರೂ ನೋಡುತ್ತಿದ್ದೆ.

ಕೊನೆಗೆ ಒಡತಿ ತಾನೇ ಬಂದಳು. ದಂಡ ಕಟ್ಟಿದಳು, ಹಳೆಯ ವಾಲ್ವುಗಳನ್ನೆಲ್ಲ ಕಿತ್ತು ಹೊಸದು ಹಾಕಿಸಿದಳು. ಮಾರ್ಕ್ ಬೇರೆ ಊರಿಗೆ ಹೊರಟುಹೋದ. ಹೋಗುವ ದಿನ ನನ್ನ ಕೈ ಕುಲುಕಿ, "ನೀನು ಮಾಡಿದ್ದು ಸರಿ. ನನಗೆ ಅದು ಇಷ್ಟವಾಗಲಿಲ್ಲ, ಆದರೂ ಸರಿ," ಎಂದ. ಅವನ ಮೇಲೆ ಸಿಟ್ಟು ಉಳಿಯಲಿಲ್ಲ. ನನ್ನ ವೀಸಾಗೆ ಒಡತಿಯೇ ಸಹಿ ಹಾಕಿದಳು. ಆ ಸಂಜೆ ಕಾರಿನಲ್ಲಿ ಒಬ್ಬಳೇ ಕುಳಿತು ಬಹಳ ಹೊತ್ತು ಅತ್ತೆ.

ಕುಲುಮೆ ಮತ್ತೆ ಶುರುವಾದ ಮೇಲೆ ಹೊದಿಕೆಯ ತೇಪೆ ಉಳಿದೇ ಇತ್ತು. ನಾನು ಹೋಗುತ್ತೇನೆ ಎಂದೆ. "ನಿನ್ನ ಭುಜ ಅದರಲ್ಲಿ ಹಿಡಿಸಲ್ಲ," ಎಂದಳು ಲಿನ್. ತಾನೇ ಹಿಂದೆ ಹೋಗಿ ಹೊಸ ಕೈವಾಲ್ವು ಮುಚ್ಚಿ ಬೀಗ ಜಡಿದಳು. ಎದೆಯ ಮೇಲಿನ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡಳು. ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಿಸಿದಳು. "ಇಲ್ಲೇ ಇರು ಎಮ್. ಮಾತಾಡ್ತಾ ಇರು, ಏನಾದರೂ," ಎಂದಳು. ಅವಳು ಒಳಗೆ ತೇಪೆ ಹಾಕುತ್ತಿದ್ದಷ್ಟು ಹೊತ್ತೂ ನಾನು ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಇಂಗ್ಲಿಷು ಮುಗಿದು ಕನ್ನಡಕ್ಕೆ ಬಂದದ್ದು ನನಗೇ ತಿಳಿಯಲಿಲ್ಲ. ಅವಳು ಒಳಗಿನಿಂದ "ಹೂಂ, ಹೂಂ" ಅನ್ನುತ್ತಲೇ ಇದ್ದಳು.

ಇದೆಲ್ಲ ಮುಗಿದು ಒಂದು ವರ್ಷದ ಮೇಲೆ ಬೆಳಗಾವಿಯಿಂದ ಫೋನು ಬಂತು. ನನ್ನ ಹಳೆಯ ಕಾರ್ಖಾನೆಯ ಕುಲಕರ್ಣಿ ಸರ್. "ಶೈಲಜಾ, ನಾವೂ ಒಂದು ವ್ಯಾಕ್ಯೂಮ್ ಫರ್ನೇಸ್ ತರಸಾಕತ್ತೀವಿ. ಅದನ್ನ ನೋಡ್ಕೊಳ್ಳಾಕ ಈ ಭಾಗದಾಗ ಯಾರೂ ಇಲ್ಲ. ಬರ್ತಿ ಏನವಾ?" ಎಂದರು.

ಸಂಜೀವ ಒಲೆಯ ಮುಂದೆ ನಿಂತವರು ಹಾಗೇ ನಿಂತುಬಿಟ್ಟರು. ಅಲ್ಲಿಗೆ ಹೋದರೆ ಅವರು ಮತ್ತೆ ಮೇಷ್ಟ್ರಾಗುತ್ತಾರೆ. ಇರಾ ತಲೆಯೆತ್ತಿ, "ಫಾರ್ ವೆಕೇಶನ್?" ಎಂದಳು. ಅವಳಿಗೀಗ ಶಾಲೆಯಲ್ಲಿ ಮೂವರು ಪ್ರಾಣಸ್ನೇಹಿತೆಯರು. ನನಗೆ ಲಿನ್‌ಳ ನೆನಪಾಯಿತು. ಬೇರೆ ಯಾರು ಕುಲುಮೆಯ ಬಾಯಲ್ಲಿ ನಿಂತು ಅವಳ ಜೊತೆ ಮಾತಾಡುತ್ತಿರುತ್ತಾರೆ? ಸರ್‌ಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ಸದ್ಯ ಅಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ ಇಲ್ಲಿಂದಲೇ ಕಲಿಸುತ್ತೇನೆ, ನೋಡೋಣ ಎಂದೆ.

ಈಗ ಪ್ರತಿ ಶುಕ್ರವಾರ ಸಂಜೆ ವಿಡಿಯೋದಲ್ಲಿ ಪಾಠ. ಅಲ್ಲಿ ಶನಿವಾರ ಬೆಳಿಗ್ಗೆ. ತೆರೆಯ ಮೇಲೆ ರೇಣುಕಾ ಎಂಬ ಡಿಪ್ಲೊಮಾ ಮುಗಿಸಿದ ಹುಡುಗಿ, ಅವಳ ಹಿಂದೆ ನಾನು ವರ್ಷಗಟ್ಟಲೆ ಓಡಾಡಿದ ಅದೇ ಕಪ್ಪು ನೆಲ. ಯಾರೋ ಚಹಾದ ಲೋಟಗಳನ್ನು ಹಿಡಿದು ದಾಟಿದರೆ ನನ್ನ ಬಾಯಲ್ಲಿ ನೀರೂರುತ್ತದೆ. ಕಳೆದ ವಾರ ಬುಟ್ಟಿಗೆ ಸಾಮಾನು ಜೋಡಿಸುವುದನ್ನು ಹೇಳಿಕೊಡುತ್ತಿದ್ದೆ. "ಒಂದಕ್ಕೊಂದು ತಾಗಬಾರದು. ನಮ್ಮಲ್ಲಿ ನಡುವೆ ಎರಡು ಬೆರಳು ಜಾಗ ಬಿಡ್ತೀವಿ," ಎಂದೆ.

ರೇಣುಕಾ ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿ, ಯಾವ ಕುಹಕವೂ ಇಲ್ಲದೆ ಕೇಳಿದಳು. "ನಮ್ಮಲ್ಲಿ ಅಂದ್ರ ಎಲ್ಲಿರೀ ಮೇಡಮ್ಮಾರ? ಅಲ್ಲೇನ್ರೀ, ಇಲ್ಲೇನ್ರೀ?"

ಬಾಯಿ ತೆರೆದೆ. ನನ್ನ ಹಿಂದೆ ಅಡುಗೆಕಟ್ಟೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ಸಂಜೀವರೂ ಉತ್ತರಕ್ಕೆ ಕಾಯುತ್ತಿದ್ದರು.

"ಎರಡು ಬೆರಳು," ಎಂದೆ. "ಅಷ್ಟು ಬರಕೋ ಸದ್ಯ."